ಇಂಟರ್ವಲ್‌ಗೇ ಗುಟ್ಟು ರಟ್ಟಾದರೆ ನಗು ಎಲ್ಲಿಂದ ಬರಬೇಕು?

ಪ್ರಶ್ನೆ: ಮಂಡ್ಯ–ಮೈಸೂರಿನ ಒಂದು ಪ್ರೇಮಕಥೆಗೆ ಚಿತ್ರಕಥೆ ಬರೆದಿದ್ದೇನೆ. ಹುಡುಗ ಮಂಡ್ಯ ತಾಲ್ಲೂಕಿನ ಕಬ್ಬು ಬೆಳೆಗಾರರ ಮನೆಯವನು. ಮೈಸೂರಿನ ಕಂಪನಿ ಕೆಲಸ ಬಿಟ್ಟು, ಮನೆಗೂ ಹೇಳದೆ, ಆಲೆಮನೆ ಬಾಡಿಗೆಗೆ ಹಿಡಿದು ಕೆಮಿಕಲ್ ಹಾಕದ ಬೆಲ್ಲ ಮಾಡುತ್ತಾನೆ. ಹುಡುಗಿ ಸರಸ್ವತಿಪುರಂನ ನಿವೃತ್ತ ಮೇಷ್ಟ್ರ ಮಗಳು. ಅವನು ಎಂಜಿನಿಯರ್ ಅಂತಲೇ ಎಲ್ಲರ ನಂಬಿಕೆ. ಇಂಟರ್ವಲ್‌ನಲ್ಲಿ ಗುಟ್ಟು ಬಯಲಾಗಿ ಎರಡೂ ಮನೆ ಮುರಿಯುತ್ತವೆ. ಆಮೇಲೆ ಮೇಷ್ಟ್ರಿಗೆ ಎದೆನೋವು, ಆಸ್ಪತ್ರೆ, ಪ್ರೇಮಿಗಳು ಓಡಿಹೋಗಿ ರಿಜಿಸ್ಟರ್ ಮದುವೆಗೆ ಹೊರಡುವುದು, ಹುಡುಗ ಬೈಕ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಚೇಸ್ ಮಾಡುವುದು, ಕೊನೆಗೆ ಮದುವೆ. 168 ಪುಟ ಆಗಿದೆ, ನಾಲ್ಕು ಹಾಡು. ಓದಿದವರು ಫಸ್ಟ್ ಹಾಫ್‌ಗೆ ನಕ್ಕರು, ಸೆಕೆಂಡ್ ಹಾಫ್ ಧಾರಾವಾಹಿ ಥರ ಇದೆ ಅಂದರು. ಬಂಡವಾಳ ಕಡಿಮೆ, ಎಲ್ಲವನ್ನೂ ಇಲ್ಲೇ ಚಿತ್ರೀಕರಿಸಬೇಕು. ಆರು ದೃಶ್ಯಗಳನ್ನು ಜೊತೆಗಿಟ್ಟಿದ್ದೇನೆ. ಏನು ಸರಿಪಡಿಸಲಿ?
— ಮಂಡ್ಯದ ಓದುಗರು

ಉತ್ತರ: ಓದಿದವರು ಸೆಕೆಂಡ್ ಹಾಫ್ ಮೇಲೆ ದೂರು ಹೇಳಿದ್ದಾರೆ. ಆದರೆ ಕಾಯಿಲೆ ಇರುವುದು ನಿಮ್ಮ ಇಂಟರ್ವಲ್‌ನಲ್ಲಿ. ಮನೆಮಂದಿಯೆಲ್ಲ ಕೂತು ನೋಡುವ ಪ್ರೇಮದ ಹಾಸ್ಯಚಿತ್ರ ಒಂದೇ ಇಂಧನದ ಮೇಲೆ ಓಡುತ್ತದೆ: ಯಾರಿಗೆ ಏನು ಗೊತ್ತು, ಯಾರಿಗೆ ಏನು ಗೊತ್ತಿಲ್ಲ. ಪ್ರೇಕ್ಷಕನಿಗೆ ಗೊತ್ತಿದ್ದು ಮೇಷ್ಟ್ರಿಗೆ ಗೊತ್ತಿಲ್ಲದಿರುವ ತನಕ ಮೇಷ್ಟ್ರು ಕಾಫಿ ಕುಡಿದರೂ ನಗು ಬರುತ್ತದೆ. ನೀವು 84ನೇ ಪುಟದಲ್ಲಿ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಟ್ಟಿರಿ. ಅಲ್ಲಿಗೆ ಟ್ಯಾಂಕ್ ಖಾಲಿ. ಉಳಿದ 84 ಪುಟ ಗಾಡಿ ತಳ್ಳಿಕೊಂಡು ಹೋಗಬೇಕಾದಾಗ ಕೈಗೆ ಸಿಗುವುದು ಕಣ್ಣೀರು ಮಾತ್ರ.

ಮೊದಲು ಉದ್ದದ ವಿಚಾರ ಮುಗಿಸಿಬಿಡೋಣ. ಚಿತ್ರಕಥೆಯ ನಿಗದಿತ ಅಳತೆಯಲ್ಲಿ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. ನೀವು ಹಾಡಿನ ಜಾಗದಲ್ಲಿ ‘ಹಾಡು’ ಅಂತ ಒಂದು ಸಾಲು ಬರೆದಿದ್ದೀರಿ, ಅದು ತೆರೆಯ ಮೇಲೆ ನಾಲ್ಕು ನಿಮಿಷ. ನಾಲ್ಕು ಹಾಡು ಸೇರಿಸಿದರೆ ನಿಮ್ಮ ಸಿನಿಮಾ ಮೂರು ಗಂಟೆ ದಾಟುತ್ತದೆ. ಈ ಬಗೆಯ ಕಥೆಗೆ ಎರಡು ಗಂಟೆ ಐದು ನಿಮಿಷ ಸಾಕು. ಬರಹ 118 ಪುಟಕ್ಕೆ ಇಳಿಯಲಿ, ಹಾಡು ಎರಡಕ್ಕೆ ಇಳಿಯಲಿ, ಇಂಟರ್ವಲ್ 60ನೇ ಪುಟದ ಆಚೀಚೆ ಬರಲಿ. ಈಗ ಹುಡುಗ–ಹುಡುಗಿ ಮೊದಲ ಸಲ ಮಾತಾಡುವುದು 31ನೇ ಪುಟದಲ್ಲಿ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. 12ನೇ ಪುಟದೊಳಗೆ ಅವರು ಎದುರುಬದುರು ನಿಂತಿರಬೇಕು, 20ರೊಳಗೆ ಸುಳ್ಳು ಹುಟ್ಟಿರಬೇಕು, 35ರೊಳಗೆ ಎರಡೂ ಮನೆ ಒಂದನ್ನೊಂದು ಮುಟ್ಟಿರಬೇಕು.

ಈಗ ಒಂದು ದೊಡ್ಡ ಡ್ರಾಯಿಂಗ್ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಮೇಲಿಂದ ಕೆಳಗೆ ಪಾತ್ರಗಳು: ಹುಡುಗ, ಹುಡುಗಿ, ಅವ್ವ, ಅಪ್ಪ, ಮೇಷ್ಟ್ರು, ಮೇಷ್ಟ್ರ ಹೆಂಡತಿ, ಗೆಳೆಯ. ಮೇಲ್ಗಡೆ ಅಡ್ಡಕ್ಕೆ ಗುಟ್ಟುಗಳು. ಒಂದೊಂದು ಚೌಕದಲ್ಲೂ, ಆ ಗುಟ್ಟು ಆ ಪಾತ್ರಕ್ಕೆ ಯಾವ ಪುಟದಲ್ಲಿ ತಿಳಿಯಿತು ಅಂತ ಬರೆಯಿರಿ. ನಿಮ್ಮ ಈಗಿನ ಕಥೆಗೆ ಈ ಹಾಳೆ ಮಾಡಿದರೆ ಮೇಲ್ಗಡೆ ಇರುವುದು ಒಂದೇ ಗುಟ್ಟು, ಮತ್ತು ಎಲ್ಲ ಚೌಕದಲ್ಲೂ ಒಂದೇ ಸಂಖ್ಯೆ, 84. ಒಳ್ಳೆಯ ಹಾಸ್ಯಚಿತ್ರದ ಹಾಳೆಯಲ್ಲಿ ಎರಡು ಚೌಕದಲ್ಲಿ ಒಂದೇ ಸಂಖ್ಯೆ ಬರುವುದು ಅಪರೂಪ. ಮನೆಮಂದಿಯ ಕಥೆಯಲ್ಲಿ ಒಬ್ಬನೇ ಸುಳ್ಳುಗಾರ ಇದ್ದರೆ ಅವನು ಅಪರಾಧಿಯಾಗುತ್ತಾನೆ. ಪ್ರತಿಯೊಬ್ಬರೂ ಇನ್ನೊಬ್ಬರ ಮೇಲಿನ ಪ್ರೀತಿಗೋ ಭಯಕ್ಕೋ ಒಂದೊಂದು ಮುಚ್ಚಿಟ್ಟಿದ್ದರೆ ಅದು ಸಂಸಾರವಾಗುತ್ತದೆ.

ಹುಡುಗಿಗೆ ಮಾತ್ರ ಮೊದಲಿನಿಂದಲೂ ಗೊತ್ತಿರಲಿ. ನಿಮ್ಮಲ್ಲಿ ಅವಳಿಗೂ ಸುಳ್ಳು ಹೇಳಿದ್ದಾನೆ. ಅದನ್ನು ಪ್ರೇಕ್ಷಕರು ಕ್ಷಮಿಸುವುದಿಲ್ಲ, ಕ್ಷಮಿಸಲೂಬಾರದು. ಅವಳು ಬೆಲ್ಲದ ಡಬ್ಬಿಗೆ ಲೇಬಲ್ ಮಾಡಿಕೊಡುವ ಪಾಲುದಾರಳಾದರೆ ‘ಮೋಸ ಹೋದ ಹುಡುಗಿ’ಯ ನಾಲ್ಕು ಅಳುವ ದೃಶ್ಯ ತಾನಾಗಿ ಬಿದ್ದುಹೋಗುತ್ತವೆ.

ಇನ್ನು ಇಂಟರ್ವಲ್. ಅಲ್ಲಿ ಗುಟ್ಟು ಒಡೆಯಬಾರದು, ಮರಿ ಹಾಕಬೇಕು. ನಮ್ಮ ಕಡೆ ಸಂಬಂಧ ಕೂಡುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಊರಿಗೆ ಹೋಗಿ ‘ವಿಚಾರಿಸುವುದು’ ಇದ್ದೇ ಇದೆ. ನಿಮ್ಮ ಮೇಷ್ಟ್ರು ಹೆಂಡತಿಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಅಂತ ಹೇಳಿ, ರೈಲು ಹತ್ತಿ ಪಾಂಡವಪುರದಲ್ಲಿ ಇಳಿಯಲಿ. ದಾರಿಯಲ್ಲಿ ಆಲೆಮನೆ. ಮಸಿ ಮೆತ್ತಿಕೊಂಡ ಹುಡುಗ ಒಂದು ಲೋಟ ಕಬ್ಬಿನಹಾಲು ಕೊಡುತ್ತಾನೆ. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಿಹಿ ಬಂದ್. ಹಾಲು ಕುಡಿದು, ಬಿಸಿ ಬೆಲ್ಲ ಬಾಯಿಗಿಟ್ಟುಕೊಂಡು, ‘ಈ ಕಡೆ ಹಳ್ಳಿಯೋನು, ಮೈಸೂರಲ್ಲಿ ಎಂಜಿನಿಯರ್ ಆಗಿದ್ದಾನಂತೆ, ಹುಡುಗ ಹೇಗಪ್ಪಾ?’ ಅಂತ ಅವನನ್ನೇ ಕೇಳುತ್ತಾರೆ. ಹುಡುಗ ತನ್ನ ಗುಣನಡತೆಗೆ ತಾನೇ ಸರ್ಟಿಫಿಕೇಟ್ ಕೊಡಬೇಕು. ಜಾಸ್ತಿ ಹೊಗಳಿದರೆ ಅನುಮಾನ, ಕಮ್ಮಿ ಹೊಗಳಿದರೆ ಸಂಬಂಧ ಹೋಯಿತು. ಕೊನೆಗೆ ಮೇಷ್ಟ್ರಿಗೆ ಆ ಎಂಜಿನಿಯರ್‌ಗಿಂತ ಈ ಬೆಲ್ಲದ ಹುಡುಗನೇ ಹಿಡಿಸಿಬಿಡುತ್ತಾನೆ. ಇಂಟರ್ವಲ್.

ಇದಾದ ಮೇಲೆ ಗೆಳೆಯನನ್ನು ಗಂಡಿನ ಜಾಗದಲ್ಲಿ ಕೂರಿಸುವ ಹಳೇ ಆಟಕ್ಕೆ ಕೈಹಾಕಬೇಡಿ, ಸವೆದುಹೋಗಿದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹುಡುಗನೇ ಬರಲಿ. ಬಾಗಿಲಲ್ಲೇ ಮೇಷ್ಟ್ರು ಗುರುತು ಹಿಡಿಯಲಿ. ಆದರೆ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ತಾವು ಕದ್ದು ಪಾಂಡವಪುರಕ್ಕೆ ಹೋಗಿದ್ದು, ಅಂಗೈಯಗಲ ಬೆಲ್ಲ ತಿಂದಿದ್ದು ಹೆಂಡತಿಗೆ ಗೊತ್ತಾಗುತ್ತದೆ. ಒಂದೇ ಚಾಪೆ ಮೇಲೆ ಇಬ್ಬರು ಸುಳ್ಳುಗಾರರು, ಒಬ್ಬನ ಜುಟ್ಟು ಇನ್ನೊಬ್ಬನ ಕೈಯಲ್ಲಿ. ಮೇಷ್ಟ್ರ ಹೆಂಡತಿ ಕೇಸರಿಬಾತಿನ ತಟ್ಟೆ ಗಂಡನ ಮುಂದಿನಿಂದ ಎತ್ತಿ ಅಳಿಯನ ಮುಂದಿಡುತ್ತಾ, ‘ಇವರು ಎರಡು ವರ್ಷದಿಂದ ಸಿಹಿ ಮುಟ್ಟಿಲ್ಲ’ ಅಂದಾಗ ಹುಡುಗನ ಮುಖದ ಮೇಲೆ ಕ್ಯಾಮೆರಾ ಇದ್ದರೆ ಸಾಕು, ಡೈಲಾಗ್ ಬೇಡ. ನಿಮ್ಮ ಸೆಕೆಂಡ್ ಹಾಫ್ ಇಲ್ಲಿಂದ ಓಡುತ್ತದೆ. ಮಾವ–ಅಳಿಯ ಶತ್ರುಗಳಾಗುವ ಬದಲು ಒಬ್ಬರಿಗೊಬ್ಬರು ಸಿಕ್ಕಿಬಿದ್ದ ಕಳ್ಳರಾಗುತ್ತಾರೆ. (ಸಸ್ಯಾಹಾರಿ ಮಾವ ಕದ್ದು ಕೋಳಿ ತಿನ್ನುವ ಜೋಕ್ ನಿಮ್ಮ ಐದನೇ ದೃಶ್ಯದಲ್ಲಿದೆ. ತೆಗೆದುಬಿಡಿ. ಒಬ್ಬರ ಮನೆಯ ಊಟ ಇನ್ನೊಬ್ಬರಿಗೆ ನಗೆಪಾಟಲಾಗುವುದು ಅಗ್ಗದ ಹಾಸ್ಯ. ಅವ್ವ ಬೀಗರಿಗೆ ಸರಿಹೋಗಲೆಂದು ಪಾತ್ರೆಗಳನ್ನು ಮೂರು ಸಲ ಹುಣಸೆಹಣ್ಣು ಹಾಕಿ ಬೆಳಗುವುದರಲ್ಲಿ ನಗುವೂ ಇದೆ, ಕರುಳೂ ಇದೆ.)

ಮಂಡ್ಯದವರೇ ಆಗಿ ನೀವು ಹೇಗೆ ಮರೆತಿರೋ ಕಾಣೆ: ಆಲೆಮನೆ ಗುಟ್ಟಾಗಿಡುವ ಕಸುಬೇ ಅಲ್ಲ. ಹೊಗೆ ಮತ್ತು ಪಾಕದ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಅಂದಮೇಲೆ ಬಟ್ಟೆ ಒಗೆಯುವ ಅವ್ವನಿಗೆ ಮೊದಲ ವಾರವೇ ಗೊತ್ತಾಗಿರಲೇಬೇಕು. ನಿಮ್ಮ ಕಥೆಯ ಹೃದಯ ಇಲ್ಲಿದೆ, ನೀವು ಬಿಟ್ಟುಬಿಟ್ಟಿದ್ದೀರಿ. 25ನೇ ಪುಟದ ಹೊತ್ತಿಗೆ ಇಷ್ಟು ಬರಲಿ:

ಅವ್ವ: ಕಂಪ್ನೀಲಿ ಬೆಲ್ಲ ಕಾಯಿಸ್ತಾರೇನ್ಲಾ?
ಮಗ: ಕ್ಯಾಂಟೀನ್ದು ಕನವ್ವ. ಪಾಯ್ಸ ಮಾಡಿದ್ರು.
ಅವ್ವ: ದಿನಾಲೂವಾ?
ಮಗ: …
ಅವ್ವ: ಸರಿ, ಉಣ್ಣು. ಮುದ್ದೆ ಆರೋಯ್ತದೆ.

ಇಲ್ಲಿ ಪ್ರೇಕ್ಷಕ ನಗುತ್ತಾನೆ. 100ನೇ ಪುಟದಲ್ಲಿ, ಮಗ ಎಲ್ಲ ಒಪ್ಪಿಕೊಳ್ಳಲು ಬಂದು ನಿಂತಾಗ, ಅವ್ವ ಟ್ರಂಕ್ ತೆಗೆದು ಅವನ ಹಳೇ ಅಂಗಿಗಳನ್ನು ಬೇರೆ ಮಡಿಸಿಟ್ಟಿರುವುದನ್ನು ತೋರಿಸಲಿ: ‘ಅಪ್ಪಂಗೆ ವಾಸ್ನೆ ಬರ್ಬಾರ್ದು ಅಂತ ಇವ್ನ ಬ್ಯಾರೆ ಒಗೀತಿದ್ದೆ.’ ಅದೇ ಅಂಗಿ, ಅದೇ ವಾಸನೆ. ಮೊದಲು ನಗಿಸಿದ್ದೇ ಈಗ ಗಂಟಲು ಕಟ್ಟಿಸುತ್ತದೆ. ಹೊಸ ದುಃಖವನ್ನು ಹೊರಗಿನಿಂದ ತರುವ ಅಗತ್ಯ ಬೀಳುವುದಿಲ್ಲ. ನಿಮ್ಮ ಹೃದಯಾಘಾತ ಹಾಗೆ ಹೊರಗಿನಿಂದ ತಂದ ದುಃಖ. ಆಸ್ಪತ್ರೆ ಹಾಸಿಗೆಯ ಮುಂದೆ ಯಾರೂ ವಾದ ಮಾಡುವಂತಿಲ್ಲ, ಯಾರೂ ನಗುವಂತಿಲ್ಲ, ಕಾಯಿಲೆ ಬಿದ್ದವರದ್ದೇ ಗೆಲುವು. ಅದಕ್ಕೇ ಧಾರಾವಾಹಿಗಳು ಅದನ್ನು ಅಷ್ಟು ಪ್ರೀತಿಸುವುದು. ಕಿತ್ತುಹಾಕಿ.

ಅಪ್ಪನಿಗೂ ಒಂದು ಗುಟ್ಟು ಬೇಕಲ್ಲ. ಕುರುಕ್ಷೇತ್ರ ನಾಟಕ ಆಡದ ಹಳ್ಳಿ ಮಂಡ್ಯ ಸೀಮೆಯಲ್ಲಿ ಹುಡುಕಬೇಕು. ಪಾತ್ರಕ್ಕೆ ದುಡ್ಡು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಂದ, ಸೀಸ ಪದ್ಯ ಕಲಿತು, ಬಾಡಿಗೆ ಕಿರೀಟ ಹಾಕಿಕೊಂಡು ಒಂದು ರಾತ್ರಿ ದುರ್ಯೋಧನನಾಗುವ ಆಸೆಗೆ ಗದ್ದೆ ಮೇಲೆ ಸಾಲ ಮಾಡುವವರೂ ಇದ್ದಾರೆ. ಅಪ್ಪ ಕಬ್ಬಿನ ದುಡ್ಡನ್ನು ದುರ್ಯೋಧನನ ಪಾತ್ರಕ್ಕೆ ಕಟ್ಟಿ, ಅವ್ವನಿಗೆ ‘ಕಾರ್ಖಾನೆಯಿಂದ ಇನ್ನೂ ಬಟವಾಡೆ ಆಗಿಲ್ಲ’ ಅಂದಿರಲಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೆ ಬಾಕಿ ಉಳಿಯುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಆದ್ದರಿಂದ ಆ ಸುಳ್ಳು ಯಾರಿಗೂ ಸುಳ್ಳು ಅನ್ನಿಸುವುದೇ ಇಲ್ಲ. ಊರಿನ ನಿಜದೊಳಗೆ ಅಡಗಿಸಿದ ಸುಳ್ಳೇ ಗಟ್ಟಿ ಸುಳ್ಳು.

ಹೀಗೆ ಕಟ್ಟಿದರೆ ಕ್ಲೈಮ್ಯಾಕ್ಸ್‌ಗೆ ಆಸ್ಪತ್ರೆಯೂ ಬೇಡ, ಚೇಸೂ ಬೇಡ. ನಾಟಕದ ರಾತ್ರಿ ಸಾಕು. ನಿವೃತ್ತ ಮೇಷ್ಟ್ರು ಮುಖ್ಯ ಅತಿಥಿ, ಪಕ್ಕದಲ್ಲಿ ಹೆಂಡತಿ. ನಡುನಡುವೆ ದಾನಿಗಳ ಹೆಸರು ಮೈಕ್‌ನಲ್ಲಿ ಕೂಗುತ್ತಾರೆ, ಕಲಾವಿದರಿಗೆ ಹಾರ ಹಾಕುತ್ತಾರೆ. ಗೆಳೆಯ ಉತ್ಸಾಹಕ್ಕೆ ಬೆಲ್ಲದ ಹೆಸರಿನಲ್ಲಿ ದೇಣಿಗೆ ಬರೆಸಿಬಿಟ್ಟಿದ್ದಾನೆ. ಮಾಲೀಕನ ಹೆಸರು ಕೂಗಿದಾಗ ದುರ್ಯೋಧನ ಪದ್ಯದ ಮಧ್ಯೆ ನಿಲ್ಲುತ್ತಾನೆ. ಹಾರ್ಮೋನಿಯಂನವರು ಶ್ರುತಿ ಬಿಡದೆ ಅದೇ ಸ್ವರ ಎಳೆಯುತ್ತಲೇ ಇರುತ್ತಾರೆ. ಗದೆ ಹಿಡಿದ ಅಪ್ಪ ಮಗನನ್ನು ವೇದಿಕೆಗೆ ಕರೆಯಬೇಕು, ಆದರೆ ಮಗ ಬಂದರೆ ಪಾತ್ರದ ದುಡ್ಡು ಎಲ್ಲಿಂದ ಬಂತು ಅನ್ನುವ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಗುಟ್ಟುಗಳು ಒಂದರ ಬಾಲ ಒಂದು ಹಿಡಿದು ಹೊರಬರುವ ಕ್ರಮ ಹೀಗಿರಲಿ: ಮಗನದು, ಅಪ್ಪನದು, ಮೇಷ್ಟ್ರದು. ಅವ್ವನದು ಅಷ್ಟು ಹೊತ್ತಿಗೆ ಮಗನಿಗೆ ಮಾತ್ರ ಗೊತ್ತು, ಹಾಗೇ ಉಳಿಯಲಿ.

ಇದರಲ್ಲಿ ಖರ್ಚಿನ ಲಾಭವೂ ಇದೆ. ನಿಜವಾದ ತಂಡ, ನಿಜವಾದ ರಂಗಸಜ್ಜಿಕೆ, ನೋಡಲು ಬಂದ ಊರವರು ಸಿಕ್ಕರೆ ಎರಡು ರಾತ್ರಿಯಲ್ಲಿ ಮುಗಿಯುತ್ತದೆ. ಆದರೆ ಜನ ರಾತ್ರಿ ಒಂದು ಗಂಟೆಯ ಮೇಲೆ ಕರಗುತ್ತಾರೆ. ಜನರ ಕಡೆ ನೋಡುವ ಶಾಟ್‌ಗಳನ್ನೆಲ್ಲ ಮೊದಲು ತೆಗೆದು, ವೇದಿಕೆ ಕಡೆಯ ಕ್ಲೋಸಪ್‌ಗಳನ್ನು ಬೆಳಗಿನ ಜಾವಕ್ಕಿಡಿ.

ಮಾತಿನ ವಿಷಯ. ‘ನಾನು ನನ್ನ ಕನಸನ್ನು ಹಿಂಬಾಲಿಸುತ್ತಿದ್ದೇನೆ ಅಪ್ಪಾ’ ಅಂತ ನಿಮ್ಮ ಹುಡುಗ ಗದ್ದೆ ಬದುವಿನಲ್ಲಿ ನಿಂತು ಹೇಳುತ್ತಾನೆ. ಆ ವಾಕ್ಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಕುಡಿದು ಬೆಳೆದದ್ದಲ್ಲ. ‘ಕೆಲ್ಸ ಬುಟ್ಟೆ ಕನಪ್ಪ’ ಅಂದರೆ ಮುಗಿಯಿತು. ಹಾಗೆಂದು ಪ್ರತಿ ಸಾಲಿಗೂ ‘ಲಾ’, ‘ಕಲಾ’ ತುರುಕಿದರೆ ಅಣಕವಾಗುತ್ತದೆ. ಅವ್ವ–ಮಗ, ಗೆಳೆಯರ ನಡುವೆ ಪೂರ್ತಿ ಬರಲಿ. ಬೀಗರೆದುರು ಅಪ್ಪ ಪುಸ್ತಕದ ಕನ್ನಡಕ್ಕೆ ಹತ್ತಲು ಹೋಗಿ ಜಾರುವುದರಲ್ಲಿ ನಗು ಇರಲಿ. ಪ್ರೇಮ ಅಳೆಯಲು ಕನ್ನಡದಲ್ಲಿ ಸಿದ್ಧ ತಕ್ಕಡಿ ಒಂದಿದೆ, ‘ನೀವು’–‘ನೀನು’. ನಿಮ್ಮಲ್ಲಿ ಎರಡನೇ ಭೇಟಿಗೇ ಇಬ್ಬರೂ ‘ಏನೋ, ಹೋಗೋ’ಗೆ ಇಳಿದಿದ್ದಾರೆ. ಅದನ್ನು 45ನೇ ಪುಟದವರೆಗೆ ತಡೆಯಿರಿ. ಜಗಳದ ಮಧ್ಯೆ, ಅವಳಿಗೇ ಗೊತ್ತಿಲ್ಲದೆ, ಮೊದಲ ‘ನೀನು’ ಜಾರಲಿ. ಇಬ್ಬರೂ ಒಂದು ಕ್ಷಣ ಸುಮ್ಮನಾಗಲಿ. ‘ಐ ಲವ್ ಯೂ’ ಅಂತ ಬರೆದಿರುವ ಮೂರೂ ಜಾಗ ಖಾಲಿ ಮಾಡಬಹುದು.

ಕೆಲವು ತಪ್ಪುಗಳನ್ನು ತಿದ್ದಲೇಬೇಕು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗೆ ಪ್ರವೇಶವಿಲ್ಲ. ನಿಮ್ಮ ನಾಯಕ ಬೈಕ್ ಹತ್ತಿದರೆ ಅವನ ಪಾಲಿಗೆ ಸರ್ವಿಸ್ ರಸ್ತೆ, ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್. ಚೇಸ್ ಉಳಿಸಲೇಬೇಕಿದ್ದರೆ ಹೀಗೆ ಉಳಿಸಿ: ಅವಳ ಕಾರು ತಂತಿಬೇಲಿಯ ಆಚೆ ಹಾರಿಹೋಗುತ್ತಿರುತ್ತದೆ, ಇವನು ಈಚೆ ಟ್ರ್ಯಾಕ್ಟರ್ ಹಿಂದೆ ಹಾರನ್ ಹೊಡೆಯುತ್ತಿರುತ್ತಾನೆ. ರಿಜಿಸ್ಟರ್ ಮದುವೆ ಅರ್ಧ ಗಂಟೆಯಲ್ಲಿ ಆಗುವುದೂ ಸುಳ್ಳು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲು ನೋಟಿಸ್ ಕೊಡಬೇಕು, ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಾಗಿರಬೇಕು, ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ, ಮದುವೆಗೆ ಮೂವರು ಸಾಕ್ಷಿ. ಓಡಿಹೋಗುವ ಉಪಕಥೆ ನನ್ನ ಮಟ್ಟಿಗೆ ಬೇಡವೇ ಬೇಡ. ಇಟ್ಟುಕೊಳ್ಳುವುದಾದರೆ ಆ 30 ದಿನದ ಗಡುವನ್ನೂ ಗೋಡೆಗೆ ಅಂಟಿದ ಹಾಳೆಯನ್ನೂ ಬಳಸಿ.

ಆಲೆಮನೆ ದೃಶ್ಯದಲ್ಲಿ ಹುಡುಗ ಕಬ್ಬಿನಹಾಲು ಕೊಪ್ಪರಿಗೆಗೆ ಸುರಿದ ಮರುಕ್ಷಣ ಅಚ್ಚು ತೆಗೆಯುತ್ತಾನೆ. ಹಾಲು ಪಾಕಕ್ಕೆ ಬರಲು ಎರಡು-ಮೂರು ಗಂಟೆ ಬೇಕು. ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆಯಬೇಕು. ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ, ತಣ್ಣೀರಿಗೆ ಬಿಟ್ಟ ಹನಿ ಉಂಡೆ ಕಟ್ಟಿದರೆ, ಇಳಿಸುವುದು. ಒಂದು ಟನ್ ಕಬ್ಬಿಗೆ ಒಂದು ಕ್ವಿಂಟಲ್ ಆಸುಪಾಸು ಬೆಲ್ಲ. ಬಣ್ಣ ತಿಳಿಯಾಗಿಸುವ ಕೆಮಿಕಲ್ ಹೈಡ್ರೋಸ್ ಹಾಕದ ಬೆಲ್ಲ ಕಂದು-ಕಪ್ಪಾಗಿರುತ್ತದೆ. ನೀವು ಹೊಂಬಣ್ಣ ಅಂತ ಬರೆದು ಒಳ್ಳೆಯ ಅವಕಾಶ ಕಳೆದಿದ್ದೀರಿ. ‘ಬೆಲ್ಲ ಯಾಕೆ ಇಷ್ಟು ಕಪ್ಪು?’ ಅಂತ ಎಲ್ಲರೂ ಮೂಗು ಮುರಿಯುವ ಮುದ್ದೆಯನ್ನೇ ಮೇಷ್ಟ್ರು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಹೋಗಲಿ. ಇನ್ನೊಂದು ಮಾತು: ಗಾಣ ತಿರುಗುತ್ತಿದ್ದರೆ ಲೈವ್ ಸೌಂಡ್ ಸಿಗುವುದಿಲ್ಲ, ಆವಿಗೆ ಲೆನ್ಸ್ ಮಂಜಾಗುತ್ತದೆ. ಮಾತಿನ ದೃಶ್ಯಗಳನ್ನು ಗಾಣ ನಿಂತ ಹೊತ್ತಿಗೆ ಬರೆಯಿರಿ. ಕುದಿಯುವ ಕೊಪ್ಪರಿಗೆಯ ಪಕ್ಕ ನೂಕಾಟ ಇಟ್ಟಿದ್ದೀರಿ, ಅದು ಜೀವಕ್ಕೆ ಅಪಾಯ, ಬೇಡ.

ಎತ್ತು, ಕೋಳಿ ನಟಿಸಿದರೂ ಚಿತ್ರೀಕರಣಕ್ಕೆ ಮುಂಚೆಯೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ಕಟ್ಟಿಹಾಕುತ್ತಾರೆ. ಅಪ್ಪನ ಕೈಯಿಂದ ಬೀಡಿ ತೆಗೆಯಿರಿ. ಒಂದು ದಮ್ ತೋರಿಸಿದರೂ ಚಿತ್ರದ ಆರಂಭದಲ್ಲೂ ಮಧ್ಯದಲ್ಲೂ ಕನಿಷ್ಠ 30 ಸೆಕೆಂಡಿನ ತಂಬಾಕು ವಿರೋಧಿ ಜಾಹೀರಾತು ಬರುತ್ತದೆ, ದೃಶ್ಯದ ಕೆಳಗೆ ಎಚ್ಚರಿಕೆ ಸಾಲು. ಎಲೆ-ಅಡಿಕೆ ಸಂಚಿ ಕೊಡಿ.

ಮದುವೆ ಮಂಟಪಕ್ಕೆ ಮುಹೂರ್ತದ ತಿಂಗಳಲ್ಲಿ ಬಾಡಿಗೆ ಕೇಳಿದರೆ ನಿಮ್ಮ ಬಂಡವಾಳ ಅಲ್ಲೇ ಮುಗಿಯುತ್ತದೆ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಮದುವೆ ಇರುವುದಿಲ್ಲ, ಛತ್ರಗಳು ಖಾಲಿ, ಮಳೆಯ ಕಾಟವಿಲ್ಲ, ಬೆಳಗಿನ ಮಂಜು ಬಿಟ್ಟಿ. ಧಾರೆಯ ಬದಲು ಬೀಗರ ಊಟ ತೋರಿಸಿದರೆ 40 ಜನರ ಒಂದು ಪಂಕ್ತಿಯಲ್ಲಿ ಮದುವೆ ಮುಗಿದೇಹೋಗುತ್ತದೆ. ಒಂದು ಲೆಕ್ಕ ಮಾತ್ರ ನೆನಪಿರಲಿ: ಮೂರು ಕೋನ, ಕೋನಕ್ಕೆ ಐದು ಟೇಕ್ ಅಂದರೆ ನಟ 15 ಸಲ ಮುದ್ದೆ ಮುರಿಯಬೇಕು. ಆರಿದ ಮುದ್ದೆ ಬಿರುಕು ಬಿಟ್ಟು ಕ್ಯಾಮೆರಾದಲ್ಲಿ ಕಲ್ಲಿನಂತೆ ಕಾಣುತ್ತದೆ, ಒಲೆ ಪಕ್ಕದಲ್ಲೇ ಒಬ್ಬರು ತಿರುವುತ್ತಿರಬೇಕು. ಮುಖ್ಯ ಮಾತನ್ನು ತುತ್ತು ಬಾಯಲ್ಲಿರುವಾಗ ಇಡಬೇಡಿ.

ಕೊನೆ. ಮದುವೆಗೇ ಕಥೆ ನಿಲ್ಲಿಸುವುದು ನಿಮ್ಮ ಕಥೆಗೆ ಕಡಿಮೆಯಾಯಿತು. ಮದುವೆ 108ನೇ ಪುಟಕ್ಕೆ ಮುಗಿಯಲಿ, ಹಿಂದೆಯೇ ಆಷಾಢ ಬರಲಿ. ಹೊಸ ಸೊಸೆ ತವರಿಗೆ ಹೋಗಬೇಕು, ಅಳಿಯ ಅತ್ತೆಯ ಹೊಸ್ತಿಲು ದಾಟುವ ಹಾಗಿಲ್ಲ. ಅಷ್ಟು ಕಷ್ಟಪಟ್ಟು ಕೂಡಿದವರನ್ನು ಈಗ ಯಾವ ಖಳನೂ ಇಲ್ಲದೆ, ಬರೀ ಪಂಚಾಂಗ ಅಗಲಿಸುತ್ತದೆ. ಇಬ್ಬರ ನಡುವೆ ಓಡಾಡಲು ನೆಪ ಇರುವ ಒಬ್ಬರೇ ಮನುಷ್ಯ ಮೇಷ್ಟ್ರು. ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಅಂತ ಹೇಳಿ ಚೀಲ ಹಿಡಿದು ಹೊರಡುತ್ತಾರೆ. ಚಾಮರಾಜಪುರಂ ರಸ್ತೆಯ ತಿರುವಿನಲ್ಲಿ ಹೆಂಡತಿ ಹಿಂದಿನಿಂದ ಕೂಗುತ್ತಾರೆ: ‘ರೀ, ಪಾಂಡವಪುರದಲ್ಲಿ ಇಳಿಯೋವಾಗ ಮರೀಬೇಡಿ, ಈ ಚಕ್ಕುಲಿ ಡಬ್ಬಿ ಅಳಿಯನಿಗೆ.’ ಮೇಷ್ಟ್ರು ನಿಲ್ಲುತ್ತಾರೆ, ತಿರುಗುವುದಿಲ್ಲ. ಅಲ್ಲಿಗೆ ಟೈಟಲ್ಸ್, 118ನೇ ಪುಟ.